ಸಂಸಾರ ಸವಾರಿ: ಮೂರನೆಯ ಸಾಲಿನಲ್ಲಿ ಯಾರು?



ಹಿಮ ಕರಗಿತು. ಹಿತ್ತಲಿನಲ್ಲಿ ಮೆಂತ್ಯ, ದಂಟಿನ ಬೀಜ ಚೆಲ್ಲುವ ಕಾಲ ಬಂತು. ಈ ಕಾಲಕ್ಕೆ ಸರಿಯಾಗಿ ಊರಿನಿಂದ ಅಪ್ಪ ಅಮ್ಮಂದಿರೂ ಅತ್ತೆ ಮಾವಂದಿರೂ ಡೆಟ್ರಾಯಿಟಿಗೆ ಬಂದಿಳಿಯುತ್ತಾರೆ. ನಮ್ಮದು ಗಂಡ, ಹೆಂಡತಿ, ಮೂರು ಮಕ್ಕಳು ಸೇರಿ ಐದು ಜನರ ಮನೆ. ಅಪ್ಪ ಅಮ್ಮ ಬಂದರೆ ಏಳು. ಆನ್ ಆರ್ಬರಿನಲ್ಲಿ ಓದುತ್ತಿರುವ ಅಣ್ಣನ ಮಗ ಶನಿವಾರ ಊಟಕ್ಕೆ ಬಂದರೆ ಎಂಟು. ಮನೆಯೊಳಗೆ ಇದೇನೂ ತೊಂದರೆಯಲ್ಲ. ನೆಲಮಾಳಿಗೆಯಲ್ಲಿ ಇನ್ನೊಂದು ಹಾಸಿಗೆ ಹಾಸಿದರೆ ಆಯಿತು, ಹುಳಿಗೆ ಇನ್ನೊಂದು ಹಿಡಿ ಬೇಳೆ ಹಾಕಿದರೆ ಆಯಿತು. ತೊಂದರೆ ಶುರುವಾಗುವುದು ಮನೆಯ ಮುಂದೆ, ಕಾರಿನ ಬಾಗಿಲು ತೆಗೆದಾಗ.

ಆದ್ದರಿಂದಲೇ ನಮ್ಮ ಸದಸ್ಯರಲ್ಲಿ ಅನೇಕರ ಮನೆಗೆ ಈಗ ಮೂರು ಸಾಲಿನ ಎಸ್‌ಯುವಿ ಗಾಡಿ ಬಂದಿದೆ. ಯಾವುದನ್ನು ಕೊಳ್ಳಬೇಕು, ಎಷ್ಟು ಕೊಡಬೇಕು ಎಂಬುದನ್ನು ಅವರವರ ಜೇಬೇ ಹೇಳುತ್ತದೆ, ಅದಕ್ಕೆ ನಮ್ಮ ಅಂಕಣ ಬೇಡ. ಕೊಂಡ ಮೇಲೆ ಅದರೊಳಗೆ ಎಷ್ಟು ಜನ ಕೂರಬೇಕು, ಯಾರು ಎಲ್ಲಿ ಕೂರಬೇಕು ಎಂಬ ಮಾತನ್ನು ಮಾತ್ರ ಈ ಸಲ ಎತ್ತಿಕೊಂಡಿದ್ದೇವೆ.

ಮೂರು ಸಾಲಿನ ಗಾಡಿ ಈ ದೇಶಕ್ಕೆ ಹೊಸದೇನಲ್ಲ. ಷೆವರ್ಲೆ ಕಂಪನಿ 1935ರಲ್ಲೇ ಎಂಟು ಜನರ ಸಬರ್ಬನ್ ಗಾಡಿಯನ್ನು ತಂದಿತ್ತು. ನಮ್ಮ ಹಿರಿಯ ಸದಸ್ಯರಿಗೆ ನೆನಪಿರುವುದು ಎಪ್ಪತ್ತರ ದಶಕದ ಉದ್ದನೆಯ ಸ್ಟೇಷನ್ ವ್ಯಾಗನ್ನು. ಕೆಲವುಗಳಲ್ಲಿ ಕೊನೆಯ ಸೀಟು ಹಿಂದಕ್ಕೆ ಮುಖ ಮಾಡಿರುತ್ತಿತ್ತು. ಮಕ್ಕಳು ಹಿಂದೆ ಬರುವ ಟ್ರಕ್ಕಿನವನಿಗೆ ಕೈಬೀಸುತ್ತ ಹೋಗುತ್ತಿದ್ದರು. 1983ರ ಕೊನೆಯಲ್ಲಿ ಕ್ರೈಸ್ಲರ್‌ನವರ ಮಿನಿವ್ಯಾನು ಬಂದು ವ್ಯಾಗನ್ನನ್ನು ಮೂಲೆಗೆ ತಳ್ಳಿತು. ಈಗ ಪೈಲಟ್, ಹೈಲ್ಯಾಂಡರ್, ಟೆಲ್ಯುರೈಡ್, ಪ್ಯಾಲಿಸೇಡ್‌ಗಳ ಸರದಿ. ಊರಿನಲ್ಲೂ ಇದೇ ಕಥೆ. ಅಂಬಾಸಡರ್ ಹೋಗಿ, 2000ರಲ್ಲಿ ಕ್ವಾಲಿಸ್ ಬಂದು, 2005ರಲ್ಲಿ ಅದರ ಜಾಗಕ್ಕೆ ಇನ್ನೋವಾ ಬಂತು. ಎರಡೂ ನಮ್ಮ ಬಿಡದಿಯ ಕಾರ್ಖಾನೆಯವೇ. ಹೀಗಾಗಿ ನಮ್ಮ ಅಪ್ಪ ಅಮ್ಮಂದಿರಿಗೂ ಮೂರನೆಯ ಸಾಲು ಗೊತ್ತಿಲ್ಲದ್ದೇನಲ್ಲ.

ಗಾಡಿ ಬದಲಾಯಿತು. ನಾವು ಮಾತ್ರ ಅಂಬಾಸಡರ್‌ನಲ್ಲೇ ಇದ್ದೇವೆ. ಮದುವೆಯ ದಿಬ್ಬಣಕ್ಕೆ ಅಂಬಾಸಡರಿನ ಮುಂದೆ ಮೂವರು, ಹಿಂದೆ ಐವರು, ಮಡಿಲಲ್ಲಿ ಇಬ್ಬರು ಮಕ್ಕಳು, ಕಾಲಬುಡದಲ್ಲಿ ಹೂವಿನ ಬುಟ್ಟಿ ಹೇರಿಕೊಂಡು ಹೋದವರಲ್ಲವೆ ನಾವು? ‘ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ’ ಎಂಬುದು ನಮ್ಮ ನಾಡಿನ ಅರ್ಧ ಸಂವಿಧಾನ. ಬಸ್ಸಿನಲ್ಲಿ, ಛತ್ರದಲ್ಲಿ, ಪಂಕ್ತಿಯಲ್ಲಿ ಆ ಮಾತಿನಿಂದ ಎಷ್ಟೋ ಜನಕ್ಕೆ ಜಾಗ ಸಿಕ್ಕಿದೆ. ಅದು ದೊಡ್ಡ ಗುಣವೇ ಸರಿ. ಆದರೆ ಎಪ್ಪತ್ತು ಮೈಲಿ ವೇಗದ ಹೆದ್ದಾರಿಯಲ್ಲಿ ಕಾರಿಗೆ ಆ ಗುಣವಿಲ್ಲ. ಅದಕ್ಕೆ ಗೊತ್ತಿರುವುದು ಎರಡೇ ಲೆಕ್ಕ: ಎಷ್ಟು ಬೆಲ್ಟು, ಎಷ್ಟು ತೂಕ.

ಬೆಲ್ಟಿನ ಲೆಕ್ಕ ಸುಲಭ. ನಡುವಿನ ಸಾಲಿನಲ್ಲಿ ಉದ್ದನೆಯ ಬೆಂಚು ಇದ್ದರೆ ಸಾಮಾನ್ಯವಾಗಿ ಎಂಟು ಬೆಲ್ಟು. ಎರಡು ಬಿಡಿ ಕುರ್ಚಿಗಳಿದ್ದರೆ ಏಳು. ಬಿಡಿ ಕುರ್ಚಿಯ ಗಾಡಿಯನ್ನು ಕೊಂಡು ಎಂಟನೆಯವರನ್ನು ನಡುವಿನ ಓಣಿಯಲ್ಲಿ ದಿಂಬು ಹಾಕಿ ಕೂರಿಸುವುದಕ್ಕೆ ಯಾವ ಉಪಾಯವೂ ಇಲ್ಲ, ಹುಡುಕಲೂ ಬಾರದು. ಎಂಟು ಜನ ಆಗಾಗ ಹೋಗುವ ಮನೆಯವರು ಕೊಳ್ಳುವಾಗಲೇ ಇದನ್ನು ಯೋಚಿಸಬೇಕು.

ತೂಕದ ಲೆಕ್ಕವನ್ನು ನಮ್ಮಲ್ಲಿ ಯಾರೂ ಮಾಡುವುದಿಲ್ಲ. ಡ್ರೈವರ್ ಬಾಗಿಲು ತೆಗೆದು ಚೌಕಟ್ಟನ್ನು ನೋಡಿ. ಅಲ್ಲೊಂದು ಚೀಟಿ ಅಂಟಿಸಿರುತ್ತಾರೆ. ಮುಂದೆ ಎಷ್ಟು ಜನ, ಹಿಂದೆ ಎಷ್ಟು ಜನ, ಟೈರಿಗೆ ಎಷ್ಟು ಗಾಳಿ, ಜೊತೆಗೆ ಜನ ಮತ್ತು ಸಾಮಾನು ಸೇರಿ ಒಟ್ಟು ತೂಕ ಎಷ್ಟು ಮೀರಕೂಡದು ಎಂದು ಅದರಲ್ಲಿ ಬರೆದಿರುತ್ತದೆ. ಆ ಅಂಕಿ 1300 ಪೌಂಡು ಎಂದಿಟ್ಟುಕೊಳ್ಳೋಣ. ನಮ್ಮ ಮನೆಯ ಐವರು ದೊಡ್ಡವರು ಸೇರಿ 770 ಪೌಂಡು. ಮೂರು ಮಕ್ಕಳೂ ಅವರ ಸೀಟುಗಳೂ ಸೇರಿ 230. ಅಲ್ಲಿಗೆ ಸಾವಿರ. ಉಳಿದ 300ರಲ್ಲಿ ಎರಡು ದಿನದ ಬಟ್ಟೆ, ಮಗುವಿನ ತಳ್ಳುಗಾಡಿ, ಮೊಸರನ್ನದ ಡಬ್ಬಿ, ನೀರು, ಅಮ್ಮನ ರೈಸ್ ಕುಕ್ಕರ್ ಎಲ್ಲ ಬರಬೇಕು. ಬರುತ್ತವೆ, ಪರವಾಗಿಲ್ಲ. ಆದರೆ ಎಂಟೂ ಜನ ದೊಡ್ಡವರಾಗಿದ್ದು ಸರಾಸರಿ 165 ಪೌಂಡು ಇದ್ದರೆ? ಒಂದು ಚೀಲವನ್ನೂ ಇಡುವ ಮೊದಲೇ 1320 ಆಯಿತು. ಎಂಟು ಸೀಟು ಇದೆ ಎಂದ ಮಾತ್ರಕ್ಕೆ ಎಂಟು ದೊಡ್ಡವರೂ ಅವರ ಗಂಟುಮೂಟೆಯೂ ಹೋಗಬಹುದು ಎಂದಲ್ಲ. ಭಾರ ಮೀರಿದ ಗಾಡಿ ಬ್ರೇಕು ಹಾಕಿದರೆ ಬೇಗ ನಿಲ್ಲುವುದಿಲ್ಲ, ಟೈರೂ ಕಾಯುತ್ತದೆ. ಡ್ಯಾಷ್‌ಬೋರ್ಡಿನಲ್ಲಿ ಟೈರಿನ ದೀಪ ಹೊತ್ತಿಲ್ಲವಲ್ಲ ಎಂದು ನೆಮ್ಮದಿಯಿಂದಿರಬೇಡಿ. ಗಾಳಿ ಕಾಲು ಭಾಗ ಇಳಿಯುವವರೆಗೂ ಆ ದೀಪ ಹೊತ್ತದೆ ಇರಬಹುದು. ಹೊರಡುವ ದಿನ ಬೆಳಿಗ್ಗೆ, ಟೈರು ತಣ್ಣಗಿರುವಾಗ, ಗಾಳಿ ನೋಡಿ.

ಇನ್ನು ವಿಮಾನ ನಿಲ್ದಾಣ. ಅಪ್ಪ ಅಮ್ಮ ಇಬ್ಬರಿಗೆ 23 ಕಿಲೋ ತೂಕದ ನಾಲ್ಕು ಪೆಟ್ಟಿಗೆ. ಚಟ್ನಿಪುಡಿ, ಹುರಿಗಾಳು, ಸೊಸೆಗೆ ಮೈಸೂರು ಸಿಲ್ಕು ಎಲ್ಲ ಅದರೊಳಗೇ ಇದೆ, ಬಿಟ್ಟು ಬರುವ ಹಾಗಿಲ್ಲ. ಮಧ್ಯಮ ಗಾತ್ರದ ಎಸ್‌ಯುವಿಯಲ್ಲಿ ಮೂರನೆಯ ಸಾಲನ್ನು ನಿಲ್ಲಿಸಿದರೆ ಅದರ ಹಿಂದೆ ಉಳಿಯುವ ಜಾಗ ಸುಮಾರು 16ರಿಂದ 21 ಘನ ಅಡಿ. ಎರಡು ದೊಡ್ಡ ಪೆಟ್ಟಿಗೆ ನಿಂತರೆ ಡಿಕ್ಕಿ ತುಂಬಿತು. ನಾಲ್ಕು ಪೆಟ್ಟಿಗೆ ಬೇಕಾದರೆ ಮೂರನೆಯ ಸಾಲಿನ ಅರ್ಧವನ್ನಾದರೂ ಮಡಿಸಬೇಕು. ಆಗ ಎಂಟರ ಗಾಡಿ ಆರರದಾಗುತ್ತದೆ, ಕೆಲವೊಮ್ಮೆ ಐದರದೇ ಆಗುತ್ತದೆ. ಆದರೂ ನಮ್ಮ ಪದ್ಧತಿಯಲ್ಲಿ ಇಡೀ ಮನೆ ಎದುರುಗೊಳ್ಳಲು ಹೋಗಬೇಕು! ಹೋಗುವಾಗ ಎಲ್ಲರಿಗೂ ಜಾಗ ಇರುತ್ತದೆ. ಬರುವಾಗ ಇಪ್ಪತ್ತು ಗಂಟೆಗೂ ಮೀರಿ ಪ್ರಯಾಣ ಮಾಡಿದ ಮುದುಕರ ಎದುರಿಗೇ ಪೆಟ್ಟಿಗೆಗಳ ಪಗಡೆಯಾಟ. ಆದ್ದರಿಂದ ನಿಲ್ದಾಣಕ್ಕೆ ಇಬ್ಬರು ದೊಡ್ಡವರು ಹೋಗಲಿ, ಬೇಕಾದರೆ ಒಂದು ಮಗು. ಉಳಿದವರು ಮನೆಯ ಬಾಗಿಲಲ್ಲಿ ಆರತಿ ಹಿಡಿದು ನಿಂತರೆ ಅದಕ್ಕಿಂತ ದೊಡ್ಡ ಸ್ವಾಗತ ಯಾವುದು?

ಈಗ ಮುಖ್ಯ ಮಾತಿಗೆ ಬರೋಣ. ಮೂರನೆಯ ಸಾಲಿನಲ್ಲಿ ಯಾರು?

ನಾವು ಕಂಡಂತೆ ನಮ್ಮ ಮನೆಗಳಲ್ಲಿ ಇದನ್ನು ಯಾರೂ ತೀರ್ಮಾನ ಮಾಡುವುದಿಲ್ಲ, ತಾನಾಗಿಯೇ ಆಗಿಬಿಡುತ್ತದೆ. ಮನೆಯ ಯಜಮಾನ ಸ್ಟಿಯರಿಂಗ್ ಹಿಡಿಯುತ್ತಾನೆ. ಮಾವನವರಿಗೆ ಮರ್ಯಾದೆಯಿಂದ ಮುಂದಿನ ಸೀಟು. ಮಕ್ಕಳು ಓಡಿಹೋಗಿ ಕಿಟಕಿ ಹಿಡಿಯುತ್ತಾರೆ. ‘ನನಗೆ ಎಲ್ಲಾದರೂ ಸರಿ ಕಣಪ್ಪ, ನೀವೆಲ್ಲ ಕೂತ್ಕೊಳ್ಳಿ, ಉಳಿದ ಕಡೆ ನಾನು ಕೂರ್ತೀನಿ’ ಎಂದು ಒಬ್ಬರು ಹೊರಗೆ ನಿಂತಿರುತ್ತಾರೆ. ಅವರು ಯಾರೆಂದು ಹೇಳಬೇಕಾಗಿಲ್ಲ. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವವರೇ ಅವರು. ಎಪ್ಪತ್ತು ವರ್ಷದ ಮಂಡಿಯನ್ನು ಹಿಡಿದುಕೊಂಡು, ಸೀರೆಯ ನೆರಿಗೆ ಎತ್ತಿಕೊಂಡು, ಮಡಿಸಿದ ಸೀಟಿನ ಸಂದಿಯಲ್ಲಿ ನುಸುಳಿ ಮೂರನೆಯ ಸಾಲಿಗೆ ಹೋಗುತ್ತಾರೆ. ಅಲ್ಲಿ ನೆಲ ಎತ್ತರ, ಸೀಟು ತಗ್ಗು. ಮಂಡಿ ಎದೆಯ ಮಟ್ಟಕ್ಕೆ ಬರುತ್ತದೆ. ಹಿಂದಿನ ಚಕ್ರದ ಮೇಲೆಯೇ ಕೂತಂತಾಗುವುದರಿಂದ ಕುಲುಕಾಟ ಜಾಸ್ತಿ. ಪ್ರಯಾಣದಲ್ಲಿ ಹೊಟ್ಟೆ ತೊಳಸುವವರಿಗೆ ಅದಕ್ಕಿಂತ ಕೆಟ್ಟ ಜಾಗವಿಲ್ಲ. ಅಷ್ಟಾದರೂ ಅವರ ಬಾಯಿಂದ ಒಂದು ಮಾತು ಬರುವುದಿಲ್ಲ.

ಮಂಡಿನೋವು ಇನ್ನೂ ಚಿಕ್ಕ ಸಂಗತಿ. ಮೂರನೆಯ ಸಾಲೆಂದರೆ ಬೇರೊಂದು ಊರಿದ್ದ ಹಾಗೆ. ಮುಂದೆ ಆಡುವ ಮಾತು ಅಲ್ಲಿಗೆ ಕೇಳಿಸುವುದಿಲ್ಲ, ಅಲ್ಲಿಯ ಮಾತು ಮುಂದಕ್ಕೆ ಬರುವುದಿಲ್ಲ. ಸ್ವಲ್ಪ ಯೋಚಿಸಿ. ಸಂದರ್ಶಕರ ವೀಸಾದಲ್ಲಿ ಬಂದವರಿಗೆ ಸಾಮಾನ್ಯವಾಗಿ ಸಿಗುವುದು ಆರು ತಿಂಗಳು. ಅದರಲ್ಲಿ ವಾರಕ್ಕೆ ಐದು ದಿನ ನಾವು ಕೆಲಸಕ್ಕೆ, ಮಕ್ಕಳು ಶಾಲೆಗೆ. ಸಂಜೆ ಈಜು, ಪಿಯಾನೊ, ಹೋಂವರ್ಕು. ಅಪ್ಪ ಅಮ್ಮನ ಜೊತೆಗೆ ಮಗ ಮಗಳು ಅಲುಗಾಡದೆ ಮೂರು ಗಂಟೆ ಒಂದೇ ಕಡೆ ಕೂರುವುದು ಎಲ್ಲಿ? ಕಾರಿನಲ್ಲಿ. ಊರಿನ ಮನೆ ರಿಪೇರಿ, ತಂಗಿಯ ಮಗಳ ಗಂಡು ನೋಡುವ ವಿಚಾರ, ಡಾಕ್ಟರು ನಿಜವಾಗಿ ಏನು ಹೇಳಿದರು ಎಂಬುದು, ಇವೆಲ್ಲ ಹೊರಗೆ ಬರುವುದು ಟೊಲೆಡೊ ದಾಟಿದ ಮೇಲೆ ಹೆದ್ದಾರಿಯಲ್ಲೇ. ಅಂಥ ಹೊತ್ತಿನಲ್ಲಿ ಅಮ್ಮನನ್ನು ಮೂರನೆಯ ಸಾಲಿನಲ್ಲಿ, ಕಿವಿಗೆ ಹಾಡು ಸಿಕ್ಕಿಸಿಕೊಂಡ ಮೊಮ್ಮಗಳ ಪಕ್ಕದಲ್ಲಿ ಕೂರಿಸಿದರೆ, ಅವರನ್ನು ಹತ್ತು ಸಾವಿರ ಮೈಲಿ ಕರೆಸಿಕೊಂಡೂ ಕೊನೆಯ ಆರು ಅಡಿ ದೂರ ಇಟ್ಟಂತೆ.

ಹಾಗಾದರೆ ಏರ್ಪಾಡು ಹೇಗೆ? ನಮ್ಮ ಮನೆಯ ಎಂಟು ಜನರನ್ನೇ ತೆಗೆದುಕೊಳ್ಳಿ. ಎರಡು ವರ್ಷದ ಮಗುವಿನ ಸೀಟನ್ನು ನಡುವಿನ ಸಾಲಿನಲ್ಲಿ ಡ್ರೈವರಿನ ಹಿಂದೆ ಕಟ್ಟುತ್ತೇವೆ. ಮಗುವಿನ ಸೀಟು ಕಟ್ಟಿದ ಕಡೆ ಆ ಸೀಟು ಮುಂದಕ್ಕೆ ಮಡಿಯದ ಗಾಡಿಗಳೇ ಹೆಚ್ಚು. ಆದ್ದರಿಂದ ಹಿಂದಕ್ಕೆ ಹೋಗುವ ದಾರಿ ಇನ್ನೊಂದು ಪಕ್ಕದಿಂದ, ರಸ್ತೆಯ ಅಂಚಿನ ಕಡೆಯಿಂದ. ಮೊದಲು ಹದಿನಾಲ್ಕರ ಮಗಳು, ಒಂಬತ್ತರ ಮಗ ಮತ್ತು ಒಬ್ಬ ದೊಡ್ಡವರು ಮೂರನೆಯ ಸಾಲಿಗೆ. ಆಮೇಲೆ ನಡುವಿನಲ್ಲಿ ಮಗುವಿನ ಪಕ್ಕಕ್ಕೆ ಅಜ್ಜಿ. ಬಾಗಿಲ ಬಳಿ ಅಜ್ಜ. ಮುಂದಿನ ಸೀಟು ಮತ್ತು ಮೂರನೆಯ ಸಾಲಿನ ದೊಡ್ಡವರ ಜಾಗ ಸರದಿಯ ಮೇಲೆ: ಹೋಗುವಾಗ ಅಣ್ಣನ ಮಗ, ಬರುವಾಗ ನಾವಿಬ್ಬರಲ್ಲಿ ಒಬ್ಬರು. ಡ್ರೈವರೂ ಒಮ್ಮೆ ಅಲ್ಲಿ ಕೂತು ಬರಬೇಕು. ಹಿಂದಿನವರಿಗೆ ತಂಪು ಗಾಳಿ ತಲುಪುತ್ತಿದೆಯೇ, ಬಿಸಿಲು ಕುತ್ತಿಗೆಗೆ ಹೊಡೆಯುತ್ತಿದೆಯೇ ಎಂಬುದು ಮುಂದೆ ಕೂತೇ ಇರುವವರಿಗೆ ತಿಳಿಯುವುದಿಲ್ಲ. ಇನ್ನೊಂದು ವಿಷಯ, ಕನ್ನಡಿಯಲ್ಲಿ ಚೆನ್ನಾಗಿ ಕಾಣಲೆಂದು ಮೂರನೆಯ ಸಾಲಿನ ತಲೆಯಾನಿಕೆಗಳನ್ನು ಮಡಿಸಿಟ್ಟಿರುತ್ತೇವೆ. ಯಾರಾದರೂ ಅಲ್ಲಿ ಕೂರುವಾಗ ಅವನ್ನು ಎತ್ತಲೇಬೇಕು. ಅಲ್ಲಿ ತಲೆಗೂ ಹಿಂದಿನ ಗಾಜಿಗೂ ನಡುವೆ ಇರುವ ಅಂತರವೇ ಕಡಿಮೆ.

ಮಕ್ಕಳ ಸೀಟಿನ ಬಗ್ಗೆ ಎರಡು ಮಾತು. ಮಿಷಿಗನ್ನಿನಲ್ಲಿ 2025ರ ಏಪ್ರಿಲ್ 2ರಿಂದ ಹೊಸ ನಿಯಮ ಬಂದಿದೆ. ಎರಡು ವರ್ಷ ತುಂಬುವವರೆಗೆ ಅಥವಾ ಆ ಸೀಟಿನ ತೂಕ, ಎತ್ತರದ ಮಿತಿ ಮುಟ್ಟುವವರೆಗೆ ಮಗು ಹಿಮ್ಮುಖವಾಗಿಯೇ ಕೂರಬೇಕು. ಹದಿಮೂರಕ್ಕಿಂತ ಚಿಕ್ಕವರು, ಹಿಂದೆ ಜಾಗವಿರುವಾಗ, ಹಿಂದೆಯೇ ಕೂರಬೇಕು. ಸೀಟನ್ನು ಸಿಕ್ಕಿಸುವ ಕೆಳಗಿನ ಕೊಂಡಿಗಳು 2002ರ ಸೆಪ್ಟೆಂಬರಿನಿಂದ ಹೊಸ ಕಾರುಗಳಲ್ಲಿ ಕಡ್ಡಾಯ. ಆದರೆ ಹಿಂದಿನ ಪ್ರತಿಯೊಂದು ಸೀಟಿನಲ್ಲೂ ಅವು ಇರುವುದಿಲ್ಲ. ಕೊಂಡಿ ಇಲ್ಲದ ಕಡೆ ಬೆಲ್ಟಿನಿಂದಲೇ ಬಿಗಿಯಾಗಿ ಕಟ್ಟಿದರೆ ಅದೂ ಅಷ್ಟೇ ಭದ್ರ. ಒಂಬತ್ತು ವರ್ಷದವನು ‘ನಾನು ದೊಡ್ಡವನಾದೆ, ಬೂಸ್ಟರ್ ಬೇಡ’ ಎಂದರೆ ವಯಸ್ಸನ್ನು ಕೇಳಬೇಡಿ, ಗೋಡೆಗೆ ನಿಲ್ಲಿಸಿ ಅಳೆಯಿರಿ. 4 ಅಡಿ 9 ಅಂಗುಲ ಆಗುವವರೆಗೆ ಬೆಲ್ಟು ಭುಜದ ಮೇಲೆ ಕೂರದೆ ಕುತ್ತಿಗೆಗೆ ಬರುತ್ತದೆ.

ಎಲ್ಲಕ್ಕಿಂತ ಕಷ್ಟವಾದದ್ದು ಹಿರಿಯರ ಬೆಲ್ಟು. ಮುಂದೆ ಕೂತಾಗ ಹಾಕಿಕೊಳ್ಳುತ್ತಾರೆ. ಹಿಂದೆ ಕೂತಾಗ, ‘ಹಿಂದೆ ಕೂತವರಿಗೆ ಯಾತಕ್ಕಪ್ಪ? ಸೀರೆ ಮುದುರುತ್ತೆ’. ಇನ್ನೊಂದು ಸಂಕಟ, ಮಗು ಅತ್ತ ಕೂಡಲೇ ಅಜ್ಜಿಯ ಕೈ ಆ ಸೀಟಿನ ಪಟ್ಟಿ ಬಿಚ್ಚಲು ಹೋಗುತ್ತದೆ. ‘ಐದು ನಿಮಿಷ ಮಡಿಲಲ್ಲಿ ಮಲಗಿಸಿಕೊಳ್ತೀನಿ, ನಾನು ಗಟ್ಟಿಯಾಗಿ ಹಿಡ್ಕೊಂಡಿರ್ತೀನಿ.’ ನಮ್ಮನ್ನೆಲ್ಲ ಹಾಗೆಯೇ ಹಿಡಿದು ಬೆಳೆಸಿದ ಕೈ ಅದು, ಬೇಡ ಎನ್ನಲು ನಾಲಿಗೆ ಏಳುವುದಿಲ್ಲ. ಆದರೂ ಹೇಳಬೇಕು. ಮೂವತ್ತು ಮೈಲಿ ವೇಗದಲ್ಲಿ ಗಾಡಿ ಏನಕ್ಕಾದರೂ ಬಡಿದು ನಿಂತರೆ, ಇಪ್ಪತ್ತೆಂಟು ಪೌಂಡಿನ ಮಗು ಆ ಕ್ಷಣದಲ್ಲಿ ನೂರಾರು ಪೌಂಡಿನ ಬಲದಿಂದ ಕೈಯಿಂದ ಕಿತ್ತುಕೊಂಡು ಹೋಗುತ್ತದೆ. ಕುಸ್ತಿಯ ಪೈಲ್ವಾನನೂ ಹಿಡಿಯಲಾರ. ಬೆಲ್ಟಿಲ್ಲದ ದೊಡ್ಡವರೂ ಮುಂದಿನ ಸೀಟಿನವರ ಬೆನ್ನಿಗೆ ಹೋಗಿ ಬಡಿಯುತ್ತಾರೆ. ಅಮ್ಮ ಬೆಲ್ಟು ಹಾಕದಿದ್ದರೆ ಅಪಾಯ ಅಮ್ಮನಿಗೊಬ್ಬರಿಗೇ ಅಲ್ಲ.

ಹೇಳುವ ರೀತಿ ಮಾತ್ರ ನಮ್ಮದಾಗಿರಲಿ. ‘ಇಲ್ಲಿಯ ರೂಲ್ಸು ಹೀಗೆ’ ಎಂದು ಗದರಿದರೆ ಮಗ ಬದಲಾಗಿಬಿಟ್ಟ ಎಂದು ನೊಂದುಕೊಳ್ಳುತ್ತಾರೆ. ಅಪ್ಪಂದಿರು ಪತ್ರಿಕೆ ಓದುವವರು. 2022ರ ಸೆಪ್ಟೆಂಬರ್ 4ರಂದು ಉದ್ಯಮಿ ಸೈರಸ್ ಮಿಸ್ತ್ರಿಯವರು ಮುಂಬಯಿಗೆ ಬರುವ ದಾರಿಯಲ್ಲಿ ಪಾಲ್ಘರ್ ಬಳಿ ತೀರಿಕೊಂಡದ್ದು ಅವರಿಗೆ ನೆನಪಿರುತ್ತದೆ. ಹಿಂದಿನ ಸೀಟು, ಒಳ್ಳೆಯ ಕಾರು, ಬೆಲ್ಟು ಹಾಕಿರಲಿಲ್ಲ ಎಂದು ಪೊಲೀಸರು ಹೇಳಿದ್ದರು. ಅದನ್ನು ನೆನಪಿಸಿ, ‘ಅಪ್ಪಾಜಿ, ನೀವು ಹಾಕಿಕೊಂಡರೆ ಮಕ್ಕಳೂ ಹಾಕಿಕೊಳ್ತಾರೆ’ ಎಂದು ಹೇಳಿ ನೋಡಿ. ಮೊಮ್ಮಕ್ಕಳಿಗೆ ಮಾದರಿಯಾಗುವ ಕೆಲಸವನ್ನು ಯಾವ ಅಜ್ಜನೂ ಬಿಡುವುದಿಲ್ಲ. ಅಜ್ಜಿಗೆ ಸೆರಗಿನ ಮೇಲೆಯೇ ಬೆಲ್ಟು ಎಳೆದು, ಕೆಳಗಿನ ಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಬರುವಂತೆ ನೀವೇ ಹಾಕಿಕೊಡಿ. ಮೇಲಿನ ಪಟ್ಟಿಯನ್ನು ಕಂಕುಳ ಕೆಳಗೆ ತುರುಕಿಕೊಳ್ಳಲು ಬಿಡಬೇಡಿ. ಮಗು ಅತ್ತರೆ ಮುಂದಿನ ಎಕ್ಸಿಟ್ ಹಿಡಿದು ನಿಲ್ಲಿಸಿ, ಕೆಳಗಿಳಿದು ಎತ್ತಿಕೊಳ್ಳಲಿ. ಹತ್ತು ನಿಮಿಷ ತಡವಾಗುತ್ತದೆ, ಅಷ್ಟೆ.

ಈ ಬೇಸಿಗೆಯಲ್ಲಿ ನಯಾಗರಾಕ್ಕೆ ಹೋಗುವವರಿಗೆ ಒಂದು ಸೂಚನೆ. ಇಲ್ಲಿಂದ ಕೆನಡಾ ಮೂಲಕ ಹೋದರೆ ಸುಮಾರು 250 ಮೈಲಿ. ಆದರೆ ಅಪ್ಪ ಅಮ್ಮನ ಹತ್ತಿರ ಅಮೆರಿಕದ ವೀಸಾ ಮಾತ್ರ ಇದ್ದರೆ ಆ ದಾರಿ ಇಲ್ಲ. ಟೊಲೆಡೊ, ಕ್ಲೀವ್‌ಲ್ಯಾಂಡ್, ಬಫಲೋ ಎಂದು ಈರಿ ಸರೋವರವನ್ನು ಸುತ್ತಿಕೊಂಡು ಸುಮಾರು 380 ಮೈಲಿ ಹೋಗಬೇಕು. ಎರಡು ಗಂಟೆಗೊಮ್ಮೆ ನಿಲ್ಲಿಸಿ ಎಲ್ಲರನ್ನೂ ಇಳಿಸಿ. ಕಾಲು ಜೋಮು ಹಿಡಿಯುವುದಿಲ್ಲ, ಸೀಟಿನ ಸರದಿಯನ್ನೂ ಅಲ್ಲೇ ಬದಲಾಯಿಸಬಹುದು. ಮೊಟ್ಟಮೊದಲು, 1984ರ ಡಿಸೆಂಬರಿನಲ್ಲಿ, ಬೆಲ್ಟನ್ನು ಕಡ್ಡಾಯ ಮಾಡಿದ್ದು ನ್ಯೂಯಾರ್ಕ್ ರಾಜ್ಯ. 2020ರ ನವೆಂಬರ್ 1ರಿಂದ ಅಲ್ಲಿ ಹಿಂದೆ ಕೂತ ದೊಡ್ಡವರೂ ಹಾಕಿಕೊಳ್ಳಲೇಬೇಕು. ಬಫಲೋ ಹತ್ತಿರ ಬಂದಾಗ ನೆನಪಿಸಿಕೊಳ್ಳುವ ಬದಲು ಮನೆಯ ಮುಂದೆಯೇ ಹಾಕಿಕೊಂಡು ಹೊರಡಿ.

ಕೂಟದ ಊಟಗಳಿಗೆ ಬರುವವರಿಗೂ ಒಂದು ಮಾತು. ಐವತ್ತು ಜನರ ಬಿಸಿಬೇಳೆಭಾತಿನ ಪಾತ್ರೆಯನ್ನು ಯಾರ ಮಡಿಲಲ್ಲೂ ಇಡಬೇಡಿ. ಬ್ರೇಕು ಹಾಕಿದರೆ ಅದು ಮಡಿಲಲ್ಲಿ ನಿಲ್ಲುವುದಿಲ್ಲ. ಖಾಲಿ ಸೀಟಿನ ಮೇಲೂ ಬೇಡ. ಮುಚ್ಚಳ ಕಟ್ಟಿ, ಟವೆಲ್ ಸುತ್ತಿ, ಮುಂದಿನ ಸೀಟಿನ ಹಿಂದೆ ನೆಲದ ಮೇಲೆ ಇಡಿ. ಅಲ್ಲಿ ಕಾಲಿಡಲು ಯಾರಿಗಾದರೂ ಜಾಗ ಬೇಕಿದ್ದರೆ ಅವರು ಇನ್ನೊಂದು ಕಾರಿನಲ್ಲಿ ಬರಲಿ.

ಇನ್ನೊಂದು ಕಾರು ಎಂದಾಗ ಮುಖ ಸಣ್ಣದು ಮಾಡಿಕೊಳ್ಳಬೇಡಿ. ಒಂಬತ್ತನೆಯವರು ಬಂದರೆ ಎರಡು ಕಾರು ತೆಗೆಯುವುದೇ ಸರಿ. ‘ಒಟ್ಟಿಗೆ ಹೋಗೋಣ’ ಎಂದರೆ ಒಟ್ಟಿಗೆ ತಲುಪೋಣ ಎಂದು ಅರ್ಥ. ಹಾಗೆಯೇ, ಇನ್ನೂ ಗಾಡಿ ಕೊಳ್ಳದವರು ಮಿನಿವ್ಯಾನಿನ ಕಡೆಗೂ ಒಮ್ಮೆ ನೋಡಿ. ಅದು ಹಳೇ ಫ್ಯಾಷನ್ನು ಎಂದು ಮಕ್ಕಳು ಮೂಗು ಮುರಿಯಬಹುದು. ಆದರೆ ಅದರ ನೆಲ ತಗ್ಗು, ಬಾಗಿಲು ಪಕ್ಕಕ್ಕೆ ಜರುಗುತ್ತದೆ. ಅಜ್ಜಿ ಮೊದಲು ಕೂತು ಆಮೇಲೆ ಎರಡೂ ಕಾಲನ್ನು ಒಳಗೆ ತೆಗೆದುಕೊಳ್ಳಬಹುದು. ಮೂರೂ ಸಾಲು ನಿಂತಿರುವಾಗಲೂ ಹಿಂದೆ ಮೂವತ್ತು ಘನ ಅಡಿಗಿಂತ ಹೆಚ್ಚು ಜಾಗ ಉಳಿಯುವ ಮಿನಿವ್ಯಾನುಗಳಿವೆ. ಹಿಮಕ್ಕೆ ಹೆದರುವವರಿಗೆ ನಾಲ್ಕೂ ಚಕ್ರ ಎಳೆಯುವ ಮಾದರಿಗಳೂ ಉಂಟು. ಈಗಾಗಲೇ ಎತ್ತರದ ಎಸ್‌ಯುವಿ ಇರುವವರು ಡಿಕ್ಕಿಯಲ್ಲಿ ಒಂದು ಗಟ್ಟಿಯಾದ ಮೆಟ್ಟಿಲ ಮಣೆ ಇಟ್ಟುಕೊಳ್ಳಿ. ಹತ್ತಲು, ಇಳಿಯಲು ಅಜ್ಜ ಅಜ್ಜಿಗೆ ಕೈ ಕೊಡುವ ಕೆಲಸವನ್ನು ಮೊಮ್ಮಕ್ಕಳಿಗೆ ವಹಿಸಿ.

ಗಾಡಿ ಓಡಿಸುವವರಿಗೆ ಕೊನೆಯ ಮಾತು. ದೊಡ್ಡ ಗಾಡಿಯ ಮೂಗಿನ ಕೆಳಗೂ ಬಾಲದ ಹಿಂದೆಯೂ ಪುಟ್ಟ ಮಕ್ಕಳು ಕಾಣುವುದಿಲ್ಲ. 2018ರ ಮೇ ತಿಂಗಳಿನಿಂದ ಹೊಸ ಗಾಡಿಗಳಲ್ಲಿ ಹಿಂಬದಿಯ ಕ್ಯಾಮೆರಾ ಕಡ್ಡಾಯವೇನೋ ಹೌದು, ಆದರೆ ಮಳೆಹನಿ ಕೂತರೆ ಅದಕ್ಕೂ ಕಣ್ಣು ಮಂಜು. ತೆಗೆಯುವ ಮೊದಲು ಗಾಡಿಯನ್ನು ಒಂದು ಸುತ್ತು ಬನ್ನಿ. ದೇವರಿಗೆ ಹೇಗೂ ಮೂರು ಸುತ್ತು ಬರುತ್ತೇವೆ, ಇದಕ್ಕೆ ಒಂದು ಸಾಕು. ಒಳಗೆ ಕೂತ ಮೇಲೆ ಒಬ್ಬೊಬ್ಬರ ಹೆಸರು ಹಿಡಿದು ಕೂಗಿ, ಬೆಲ್ಟಿನ ‘ಟಕ್’ ಶಬ್ದ ಕೇಳಿ. ಈ ಕೆಲಸವನ್ನು ನಮ್ಮ ಮನೆಯಲ್ಲಿ ಅಪ್ಪ ವಹಿಸಿಕೊಂಡಿದ್ದಾರೆ. ಮೇಷ್ಟರಾಗಿದ್ದವರು, ಹಾಜರಿ ಕೂಗುವುದು ಅವರಿಗೆ ಹೊಸದಲ್ಲ.

ನಿಮ್ಮ ಮನೆಯ ಸೀಟಿನ ಏರ್ಪಾಡು ಇದಕ್ಕಿಂತ ಚೆನ್ನಾಗಿದ್ದರೆ ಒಂದು ಚೀಟಿಯಲ್ಲಿ ಬರೆದು ಸಂಪಾದಕರಿಗೆ ಕೊಡಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ. ಆ ಹೊತ್ತಿಗೆ ಎಲೆ ಉದುರುತ್ತಿರುತ್ತದೆ. ನಾವು ಚಳಿಗಾಲದ ಟೈರುಗಳ ಬಗ್ಗೆ ಬರೆಯುವವರಿದ್ದೇವೆ.